ನೀರು ಕೇಳದ ಟ್ರ್ಯಾಕ್ಟರ್

ಕಳೆದ ತಿಂಗಳು ನನ್ನ ದೊಡ್ಡಪ್ಪನ ಮಗ ಟ್ರ್ಯಾಕ್ಟರ್ ನೋಡಲು ಹೊರಟವನು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಅವನಿಗಿರುವುದು ಮೂರು ಎಕರೆ ಮಸಾರಿ ಹೊಲ; ಮೆಕ್ಕೆಜೋಳ, ಅಂಚಿಗೆ ಒಂದಿಷ್ಟು ಶೇಂಗಾ. 25 ಅಶ್ವಶಕ್ತಿಯದು ಸಾಕು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಹುಡುಗ ತಲೆಯಾಡಿಸಿದ. "ಅದು ಬೇಡ ಅಣ್ಣಾ, 45ಕ್ಕಿಂತ ಕೆಳಗಿನದನ್ನು ನೋಡಲೇಬೇಡಿ. ಸಾಲದ ಕಾಗದ ನಾವೇ ಮಾಡಿಸಿಕೊಡುತ್ತೇವೆ" ಎಂದ. ಚಿಕ್ಕದನ್ನು ಕೇಳಿದ್ದಕ್ಕೆ ನನ್ನ ಅಣ್ಣ ನಾಚಿಕೊಂಡದ್ದು ಮುಖದಲ್ಲೇ ಕಾಣಿಸಿತು. ಆ ನಾಚಿಕೆ ನನ್ನನ್ನು ಇವತ್ತಿಗೂ ಕಾಡುತ್ತಿದೆ. ಅವರ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ದೊಡ್ಡಪ್ಪನ ಒಂದು ಸಿಲಿಂಡರ್‌ನ ಹಳೆಯ ಐಷರ್ ಇನ್ನೂ ನಿಂತಿದೆ. ಅದು ಎಲ್ಲಿಂದ ಬಂತೆಂದು ಬಲ್ಲವರು ಚಿಕ್ಕ ಟ್ರ್ಯಾಕ್ಟರ್ ಕೇಳಲು ನಾಚಬೇಕಾಗಿಲ್ಲ.

ಐಷರ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಲಾರಿ ನೆನಪಾಗುತ್ತದೆ. ಆದರೆ ಅದು ಒಂದು ಮನೆತನದ ಹೆಸರು. ಜರ್ಮನಿಯ ಬವೇರಿಯಾದಲ್ಲಿ, ಮ್ಯೂನಿಕ್ ನಗರದ ಪೂರ್ವಕ್ಕೆ ಫೋರ್ಸ್ಟರ್ನ್ ಎಂಬ ಹಳ್ಳಿಯಿದೆ. ಅಲ್ಲಿ ಯೋಸೆಫ್ ಮತ್ತು ಆಲ್ಬರ್ಟ್ ಐಷರ್ ಎಂಬ ಅಣ್ಣ ತಮ್ಮಂದಿರು 1936ರಲ್ಲಿ ತಮ್ಮ ಮೊದಲ ಟ್ರ್ಯಾಕ್ಟರನ್ನು ಕಟ್ಟಿದರು. ಎಂಜಿನ್ ಅವರದಲ್ಲ, ಕಲೋನ್‌ನ ಡಾಯ್ಟ್ಸ್ ಕಂಪನಿಯಿಂದ ತಂದ 20 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಎಂಜಿನ್ ಒಂದು ಕಡೆಯಿಂದ, ಗೇರ್‌ಬಾಕ್ಸ್ ಇನ್ನೊಂದು ಕಡೆಯಿಂದ ತರಿಸಿ, ಉಳಿದದ್ದನ್ನು ತಾವೇ ಜೋಡಿಸಿ ಟ್ರ್ಯಾಕ್ಟರ್ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳು ಆಗ ಜರ್ಮನಿಯ ಉದ್ದಗಲಕ್ಕೂ ಇದ್ದವು.

ಅದಕ್ಕೂ ಮೊದಲು ಆ ದೇಶದಲ್ಲಿ ಟ್ರ್ಯಾಕ್ಟರ್ ಎಂದರೆ ಮಾನ್‌ಹೈಮ್‌ನ ಲಾಂಜ್ ಕಂಪನಿಯ ಬುಲ್‌ಡಾಗ್. ಫ್ರಿಟ್ಸ್ ಹ್ಯೂಬರ್ ಎಂಬ ಎಂಜಿನಿಯರ್ ರೂಪಿಸಿದ ಅದು 1921ರಲ್ಲಿ ಬಂತು. ಒಂದೇ ಸಿಲಿಂಡರ್, ಆರು ಲೀಟರ್‌ಗೂ ಮಿಕ್ಕಿದ ಎಂಜಿನ್, ಅದರಿಂದ ಸಿಗುತ್ತಿದ್ದದ್ದು 12 ಅಶ್ವಶಕ್ತಿ. ಬೆಳಗ್ಗೆ ಚಾಲೂ ಮಾಡಬೇಕಾದರೆ ಎಂಜಿನ್ನಿನ ಮುಂಭಾಗದ ಬುರುಡೆಯಂಥ ಭಾಗವನ್ನು ಉರಿ ಉಗುಳುವ ಬ್ಲೋಲ್ಯಾಂಪಿನಿಂದ ಕಾಯಿಸುತ್ತಾ ಕೂರಬೇಕು. ಬವೇರಿಯಾದ ಹಳ್ಳಿಗರು ಇಂದಿಗೂ ಯಾವ ಕಂಪನಿಯ ಟ್ರ್ಯಾಕ್ಟರನ್ನೇ ಆಗಲಿ 'ಬುಲ್‌ಡಾಗ್' ಎಂದೇ ಕರೆಯುತ್ತಾರೆ, ಅಷ್ಟು ದೊಡ್ಡ ಹೆಸರು ಅದರದು. ಆದರೂ ನಾಲ್ಕಾರು ಹೆಕ್ಟೇರಿನ ರೈತನಿಗೆ ಅದು ಎಟುಕುತ್ತಿರಲಿಲ್ಲ. ಅವನ ಕೊಟ್ಟಿಗೆಯಲ್ಲಿ ಇದ್ದವು ಎತ್ತುಗಳು. ಅವೂ ಇಲ್ಲದವನು ಹಾಲು ಕೊಡುವ ಹಸುವನ್ನೇ ನೊಗಕ್ಕೆ ಕಟ್ಟುತ್ತಿದ್ದ. ಬೆಳಗಿನಿಂದ ನೇಗಿಲೆಳೆದ ಹಸು ಸಂಜೆ ಎಷ್ಟು ಹಾಲು ಕೊಟ್ಟೀತು ಎಂಬುದನ್ನು ಹೈನು ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ರೈತನ ಹೊಲದ ಅಳತೆ ನೋಡಿಯೇ ಯಂತ್ರ ಕಟ್ಟಿದವರು ಕೆಲವರಿದ್ದರು. ಮಾರ್ಕ್ಟ್‌ಓಬರ್‌ಡಾರ್ಫ್‌ನ ಫೆಂಟ್ ಕುಟುಂಬ 1930ರಲ್ಲಿ ಆರು ಅಶ್ವಶಕ್ತಿಯ ಒಂದು ಪುಟ್ಟ ಟ್ರ್ಯಾಕ್ಟರ್ ಮಾಡಿ 'ಡೀಸೆಲ್ ಕುದುರೆ' ಎಂಬ ಅರ್ಥದ ಹೆಸರಿಟ್ಟಿತು. ಡಾಯ್ಟ್ಸ್ ಕಂಪನಿ 1936ರಲ್ಲಿ 11 ಅಶ್ವಶಕ್ತಿಯದನ್ನು ತಂದು ರೈತರ ಟ್ರ್ಯಾಕ್ಟರ್ ಎಂದು ಕರೆಯಿತು. ಐಷರ್ ಸಹೋದರರೂ ಅದೇ ದಾರಿ ಹಿಡಿದವರು. ಹಿಟ್ಲರನ ಆಳ್ವಿಕೆಯ ಕಾಲ ಅದು. ಯುದ್ಧ ಬಂತು, ಹೊಲಕ್ಕೆ ಡೀಸೆಲ್ ಇಲ್ಲವಾಯಿತು, ಕಟ್ಟಿಗೆ ಸುಟ್ಟು ಬರುವ ಅನಿಲದಿಂದ ಟ್ರ್ಯಾಕ್ಟರ್ ಓಡಿಸುವ ಗತಿ ಜರ್ಮನಿಗೆ ಬಂತು.

ನನಗೆ ಮುಖ್ಯವಾಗಿ ಹೇಳಬೇಕಿರುವುದು ಯುದ್ಧ ಮುಗಿದ ಮೇಲಿನ ಕಥೆ. 1948ರಲ್ಲಿ ಫೋರ್ಸ್ಟರ್ನ್‌ನಿಂದ ಇಡಿ 16 ಎಂಬ ಟ್ರ್ಯಾಕ್ಟರ್ ಹೊರಬಂತು. ಇ ಎಂದರೆ ಐಷರ್, ಡಿ ಎಂದರೆ ಡೀಸೆಲ್, 16 ಎಂದರೆ ಅದರ ಅಶ್ವಶಕ್ತಿ. ಈ ಸಲ ಎಂಜಿನ್ ಅವರದೇ. ಆ ಎಂಜಿನ್ನಿಗೆ ರೇಡಿಯೇಟರ್ ಇರಲಿಲ್ಲ. ಅದು ತಣ್ಣಗಾಗುತ್ತಿದ್ದದ್ದು ಗಾಳಿಯಿಂದ. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಗಾಳಿ ತಂಪಿನ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಇದೇ ಮೊದಲನೆಯದೆಂದು ಟ್ರ್ಯಾಕ್ಟರ್ ಚರಿತ್ರೆ ಬಲ್ಲವರು ಎಣಿಸುತ್ತಾರೆ. ಐಷರ್ ಸಹೋದರರಿಗೆ ಎಂಜಿನ್ ಮಾರುತ್ತಿದ್ದ ಡಾಯ್ಟ್ಸ್ ಎಂದರೆ ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಎಂಜಿನ್ ಹುಟ್ಟಿದ ಮನೆ. ಆ ಮನೆಯ ಗಾಳಿ ತಂಪಿನ ಟ್ರ್ಯಾಕ್ಟರ್ ಬಂದದ್ದು 1950ರಲ್ಲಿ. ಹಳ್ಳಿಯ ಕಾರ್ಖಾನೆ ಎರಡು ವರ್ಷ ಮೊದಲೇ ಅಲ್ಲಿಗೆ ತಲುಪಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಎದೆಯುಬ್ಬುತ್ತದೆ.

ಗಾಳಿಯೇ ಏಕೆ? ಬವೇರಿಯಾದ ಚಳಿಗಾಲದಲ್ಲಿ ರೇಡಿಯೇಟರಿನ ನೀರು ರಾತ್ರಿ ಹೆಪ್ಪುಗಟ್ಟಿ ಎಂಜಿನ್ನಿನ ಬೀಡನ್ನೇ ಸೀಳಿಬಿಡುತ್ತಿತ್ತು. ಹಾಗಾಗಿ ರೈತ ಪ್ರತಿ ಸಂಜೆ ನೀರು ಬಸಿಯಬೇಕು, ಬೆಳಗ್ಗೆ ಮತ್ತೆ ತುಂಬಬೇಕು. ಒಂದು ರಾತ್ರಿ ಮರೆತರೆ ವರ್ಷದ ಗಳಿಕೆ ಹೋದಂತೆ. ಐಷರ್ ಎಂಜಿನ್ನಿನಲ್ಲಿ ಮರೆಯುವುದಕ್ಕೆ ನೀರೇ ಇಲ್ಲ. ಸಿಲಿಂಡರಿನ ಮೈಗೆ ಸುತ್ತಲೂ ತೆಳುವಾದ ಬೀಡಿನ ರೆಕ್ಕೆಗಳು. ಒಂದೊಂದು ಸಿಲಿಂಡರಿಗೂ ಅದರದೇ ಫ್ಯಾನ್. ಸಿಲಿಂಡರುಗಳು ಬಿಡಿಬಿಡಿ. ಯಾವುದು ಕೆಟ್ಟಿತೋ ಅದನ್ನಷ್ಟೇ ಬಿಚ್ಚಿದರಾಯಿತು.

ಚಳಿಗೆಂದು ಹುಡುಕಿದ ಈ ಉಪಾಯ ನಮ್ಮ ಬಿಸಿಲಿಗೂ ಒದಗಿತು! ಕೊಳವೆಬಾವಿಯ ಗಡಸು ನೀರು ಹಾಕಿ ಹಾಕಿ ಒಳಗೆ ಸುಣ್ಣ ಕಟ್ಟಿದ ರೇಡಿಯೇಟರ್ ಏಪ್ರಿಲ್ ಮಧ್ಯಾಹ್ನದಲ್ಲಿ ಕುದಿದು ಆವಿ ಉಗುಳುವುದನ್ನು ಕಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ದೊಡ್ಡಪ್ಪನ ಟ್ರ್ಯಾಕ್ಟರಿಗೆ ಆ ಕಾಟ ಇರಲಿಲ್ಲ. ಅದಕ್ಕೆ ಬೇಕಾದದ್ದು ಒಂದೇ ಆರೈಕೆ: ಒಕ್ಕಲು ಮುಗಿದ ಮೇಲೆ ರೆಕ್ಕೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಹೊಟ್ಟು ದೂಳನ್ನು ತೆಗೆಯುವುದು. ತೆಗೆಯದಿದ್ದರೆ ಗಾಳಿ ಆಡದೆ ಎಂಜಿನ್ ಕಾದುಹೋಗುತ್ತದೆ. ದೊಡ್ಡಪ್ಪ ಅದಕ್ಕೆಂದೇ ಒಂದು ಮೊಂಡು ಬ್ರಷ್ಷನ್ನು ಶೆಡ್ಡಿನ ಮೊಳೆಗೆ ತೂಗುಹಾಕಿದ್ದರು. ಮಕ್ಕಳಾದ ನಮಗೆ ಆ ಕೆಲಸ ಸಿಕ್ಕಿದರೆ ಹಬ್ಬ.

1959ರ ಸುಮಾರಿಗೆ ಜರ್ಮನಿಯ ಐಷರ್ ತನ್ನ ಟ್ರ್ಯಾಕ್ಟರುಗಳಿಗೆ ಬೇಟೆಯಾಡುವ ಪ್ರಾಣಿಗಳ ಹೆಸರಿಟ್ಟಿತು. ಲೆಪರ್ಡ್, ಪ್ಯಾಂಥರ್, ಟೈಗರ್. ಅವುಗಳ ಮೇಲೆ ಕೋನಿಗ್ಸ್‌ಟೀಗರ್. ಜರ್ಮನ್ ಭಾಷೆಯಲ್ಲಿ ನಮ್ಮ ಬಂಗಾಳದ ಹುಲಿಗೆ ಇರುವ ಹೆಸರು ಅದು. ನೀಲಿ ಮೈ, ಕೆಂಪು ಚಕ್ರ. ಸರಿಯಾಗಿ ಅದೇ ಹೊತ್ತಿಗೆ ಐಷರ್ ಭಾರತಕ್ಕೂ ಬಂತು. 1948ರಿಂದ ಇಲ್ಲಿ ಹೊರದೇಶದ ಟ್ರ್ಯಾಕ್ಟರುಗಳನ್ನು ತರಿಸಿ ಮಾರುತ್ತಿದ್ದ ಗುಡ್‌ಅರ್ಥ್ ಕಂಪನಿ ಫೋರ್ಸ್ಟರ್ನ್‌ನ ಸಹೋದರರೊಡನೆ ಕೈಜೋಡಿಸಿತು. 1960ರ ಹೊತ್ತಿಗೆ ದೆಹಲಿ ಪಕ್ಕದ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರ್ ತಯಾರಾಗತೊಡಗಿತು. 1961-62ರಲ್ಲಿ ಇಡೀ ದೇಶದಲ್ಲಿ ತಯಾರಾದ ಟ್ರ್ಯಾಕ್ಟರುಗಳು ಬರೀ 880.

ಮುಂದಿನದು ಬೇಸರದ ಕಥೆ. ಜರ್ಮನಿಯಲ್ಲಿ ಸಣ್ಣ ಹಿಡುವಳಿಗಳು ಒಂದೊಂದಾಗಿ ಕರಗಿದವು, ಉಳಿದವು ದೊಡ್ಡದಾದವು, ಟ್ರ್ಯಾಕ್ಟರುಗಳೂ ಬೆಳೆದವು. 1970ರಲ್ಲಿ ಮ್ಯಾಸಿ ಫರ್ಗ್ಯುಸನ್ ಎಂಬ ದೊಡ್ಡ ಟ್ರ್ಯಾಕ್ಟರ್ ಕಂಪನಿ ಐಷರ್‌ನಲ್ಲಿ ಪಾಲು ತೆಗೆದುಕೊಂಡಿತು, ಕೆಲವೇ ವರ್ಷಗಳಲ್ಲಿ ಪೂರ್ತಿ ಕೊಂಡಿತು. 1980ರ ದಶಕದಲ್ಲಿ ಕಂಪನಿ ದಿವಾಳಿಯಾಯಿತು. ಭಾರತದ ಐಷರ್ ಬದುಕಿತು, ಲಾರಿ ಮಾಡಿತು, ಬುಲೆಟ್ ತಯಾರಿಸುವ ಎನ್‌ಫೀಲ್ಡನ್ನು ಕೊಂಡಿತು. ಆದರೆ 2005ರಲ್ಲಿ ಟ್ರ್ಯಾಕ್ಟರ್ ವಿಭಾಗವನ್ನು ಚೆನ್ನೈನ ಟಾಫೆಗೆ ಮಾರಿತು. ಟಾಫೆ ಎಂದರೆ ಭಾರತದಲ್ಲಿ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರ್ ಮಾಡುತ್ತಾ ಬಂದ ಕಂಪನಿ. ಎರಡು ದೇಶಗಳ ಐಷರ್ ಎರಡು ದಾರಿಯಲ್ಲಿ ನಡೆದು ಹೆಚ್ಚುಕಡಿಮೆ ಒಂದೇ ಬಾಗಿಲಿಗೆ ಬಂದು ನಿಂತದ್ದು ನನಗೆ ಇಂದಿಗೂ ವಿಸ್ಮಯ.

ಜರ್ಮನಿಯ ಹಿಡುವಳಿ ದೊಡ್ಡದಾಯಿತು, ಯಂತ್ರವೂ ದೊಡ್ಡದಾಯಿತು, ಅದಕ್ಕೊಂದು ಲೆಕ್ಕವಿದೆ. ನಮ್ಮಲ್ಲಿ ಆದದ್ದು ಇದರ ತಿರುವುಮುರುವು. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಎಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಹೊಲ ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತಿರುವಾಗ ಟ್ರ್ಯಾಕ್ಟರ್ ಏಕೆ ಹಿರಿದಾಗುತ್ತಿದೆ? ಎರೆಭೂಮಿಯಲ್ಲಿ ಆಳವಾಗಿ ಮಡಿಕೆ ಹೊಡೆಯಲು 25 ಸಾಲದು ಎಂಬುದನ್ನು ಒಪ್ಪುತ್ತೇನೆ. ಬಾಡಿಗೆಗೆ ಊರೆಲ್ಲ ಉಳುವವನಿಗೂ ದೊಡ್ಡದೇ ಬೇಕು. ಆದರೆ ಮೂರು ಎಕರೆ ಮಸಾರಿಯಲ್ಲಿ ಕುಂಟೆ ಹೊಡೆದು, ಕೂರಿಗೆ ಎಳೆದು, ಗೊಬ್ಬರದ ಟ್ರೇಲರ್ ಜಗ್ಗುವುದಕ್ಕೆ 45 ಅಶ್ವಶಕ್ತಿಯ ಸಾಲ ಹೊರಿಸುವುದು ಅನ್ಯಾಯ. ಆ ಭಾರಕ್ಕೆ ನೆಲ ಗಟ್ಟಿಯಾಗುತ್ತದೆ, ಕಂತಿಗೆ ಮನೆ ಮೆತ್ತಗಾಗುತ್ತದೆ.

ಅಣ್ಣ ಇನ್ನೂ ಏನನ್ನೂ ಕೊಂಡಿಲ್ಲ. ಮೊನ್ನೆ ಭಾನುವಾರ ಇಬ್ಬರೂ ಸೇರಿ ಹಳೆಯ ಐಷರಿನ ರೆಕ್ಕೆಗಳಿಂದ ಹೊಟ್ಟು ಕೆರೆದು ತೆಗೆದೆವು. ರಾಣೆಬೆನ್ನೂರಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ನಾಜಲ್ ಬಿಚ್ಚಿಕೊಂಡು ಹೋಗಿದ್ದಾರೆ, ಪಿಸ್ಟನ್ ರಿಂಗ್ ಹುಡುಕುತ್ತಿದ್ದಾರೆ. ನಿಮ್ಮ ಊರಿನಲ್ಲಿ ಒಂದು ಸಿಲಿಂಡರಿನ ಐಷರ್ ಇದ್ದರೆ, ಗುಜರಿಗೆ ಹೋಗುವ ಮೊದಲು ಎಂಜಿನ್ನಿನ ಮೇಲಿನ ತಗಡಿನ ಫೋಟೊ ತೆಗೆದು ಇಲ್ಲಿ ಹಾಕಿ. ಬಿಡಿಭಾಗ ಸಿಗುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ. ಮುಂಗಾರಿಗೆ ಮುಂಚೆ ಬೇಕು.