ರಾಷ್ಟ್ರಧ್ವಜಕ್ಕೆ ಪಾಲಿಯೆಸ್ಟರ್ ಬಟ್ಟೆ ಆಗಬಹುದೇ?

ಪರ: ಮಳೆಗೂ ತಡೆಯಲಿ, ಮನೆಮನೆಗೂ ಬರಲಿ

ಆಗಸ್ಟ್ 15 ಅಂದ್ರೆ ಮಲೆನಾಡಿನಲ್ಲಿ ಮಳೆ ಹಿಡಿದ ಕಾಲ. ಬೆಳಿಗ್ಗೆ ಏರಿಸಿದ ಖಾದಿ ಬಾವುಟ ನೋಡನೋಡುತ್ತಲೇ ನೆನೆದು ಕಂಬಕ್ಕೆ ಅಂಟಿಕೊಳ್ಳುತ್ತದೆ. ಸಂಜೆ ಇಳಿಸಿ ಹಾಗೇ ಮಡಿಚಿಟ್ಟರೆ, ಜನವರಿಯಲ್ಲಿ ಬಿಚ್ಚುವಾಗ ಬಿಳಿ ಪಟ್ಟಿಯ ತುಂಬ ಬೂಷ್ಟು. ಹರಿದ, ಕೆಟ್ಟ ಸ್ಥಿತಿಯ ಧ್ವಜ ಹಾರಿಸಬಾರದು ಅನ್ನುತ್ತದೆ ಧ್ವಜ ಸಂಹಿತೆ, ಅಂದರೆ ಧ್ವಜ ಬಳಸುವ ಬಗ್ಗೆ ಕೇಂದ್ರ ಸರ್ಕಾರ ಮಾಡಿದ ನಿಯಮಗಳು. ಬೇಗ ಒಣಗುವ, ಸಣ್ಣ ಗಾಳಿಗೂ ಬಿಚ್ಚಿಕೊಳ್ಳುವ ಬಟ್ಟೆ ಬಳಸಿದರೆ ಅದು ಅಗೌರವ ಹೇಗಾಗುತ್ತದೆ?

2002ಕ್ಕೆ ಮೊದಲು ಸಾಮಾನ್ಯ ಜನ ಬೇಕೆನಿಸಿದ ದಿನ ಮನೆ ಮೇಲೆ ಧ್ವಜ ಹಾರಿಸುವಂತಿರಲಿಲ್ಲ. ಗೌರವದಿಂದ ಹಾರಿಸುವುದು ನಾಗರಿಕರ ಹಕ್ಕು ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಉದ್ಯಮಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಹೇಳಿತು. ಹಕ್ಕೇನೋ ಬಂತು. ಕೂಲಿ ಮಾಡಿ ಬದುಕುವವರು ದುಬಾರಿ ಖಾದಿ ಧ್ವಜ ಕೊಳ್ಳಬೇಕಲ್ಲ! 2021ರ ಡಿಸೆಂಬರ್‌ನಲ್ಲಿ ಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್‌ಗೂ ಒಪ್ಪಿಗೆ ಕೊಟ್ಟರು. ಮರುವರ್ಷ ಅಂಚೆ ಕಚೇರಿಯಲ್ಲೇ 25 ರೂಪಾಯಿಗೆ ಧ್ವಜ ಸಿಕ್ಕಿತು. ಅದೇ ವರ್ಷ ಜುಲೈನಿಂದ ಮನೆ ಮೇಲೆ ರಾತ್ರಿಯೂ ಹಾರಿಸಬಹುದು. ಕೇಸರಿ ಮೇಲಿರಬೇಕು, ನೆಲಕ್ಕೆ ತಾಕಬಾರದು, ಮೇಲೆ ಏನೂ ಬರೆಯಬಾರದು. ಬಟ್ಟೆ ಯಾವುದಾದರೂ ಈ ನಿಯಮ ಬದಲಾಗುವುದಿಲ್ಲ.

ವಿರೋಧ: ಸುಡುವಾಗ ಗೊತ್ತಾಗುತ್ತದೆ

ಹಾರಿಸುವ ಮಾತು ಎಲ್ಲರೂ ಆಡುತ್ತಾರೆ. ಹಳತಾದ ಮೇಲೆ ಏನು ಮಾಡ್ತೀರಿ? ಹಾಳಾದ ಧ್ವಜವನ್ನು ಖಾಸಗಿಯಾಗಿ, ಇಡಿಯಾಗಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ವಿಲೇವಾರಿ ಮಾಡಬೇಕು ಅಂತ ಸಂಹಿತೆಯೇ ಹೇಳುತ್ತದೆ. ಹತ್ತಿ ಬಟ್ಟೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ತೊಟ್ಟಿಕ್ಕುತ್ತದೆ. ಕಪ್ಪು ಹೊಗೆ, ಘಾಟು ವಾಸನೆ, ಕೊನೆಗೆ ತಟ್ಟೆಗೆ ಅಂಟಿದ ಗಟ್ಟಿ ಕರಿ ಉಂಡೆ. ಇದರಲ್ಲಿ ಗೌರವ ಎಲ್ಲಿದೆ ಹೇಳಿ.

2022ರ ಜುಲೈನಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ ಬಂದಾಗ ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟವೂ ಇತ್ತು. ಅದರ ಮುಂದಿನ ತಿಂಗಳೇ ದೇಶದ ತುಂಬ ಪಾಲಿಯೆಸ್ಟರ್ ಬಾವುಟ. ಪಾಲಿಯೆಸ್ಟರ್ ನೂಲೂ ಪ್ಲಾಸ್ಟಿಕ್ಕೇ ಅಲ್ವಾ?

ಇನ್ನು ಹುಬ್ಬಳ್ಳಿಯ ಬೆಂಗೇರಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಈ ಘಟಕ ಬಿಐಎಸ್ (ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ) ಮಾನ್ಯತೆಯ ಖಾದಿ ಧ್ವಜಕ್ಕೆ ದೇಶದಲ್ಲೇ ಹೆಸರುವಾಸಿ. ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬಟ್ಟೆ ಬರುತ್ತದೆ. ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ಪರೀಕ್ಷೆ. 24 ಗೆರೆಯ ಚಕ್ರವನ್ನು ಬಿಳಿ ಪಟ್ಟಿಯ ಎರಡೂ ಬದಿಗೆ ಅಚ್ಚು ಹಾಕುತ್ತಾರೆ. ಎರಡೂ ಒಂದಕ್ಕೊಂದು ಸರಿಯಾಗಿ ಕೂರಬೇಕು, ಚೂರು ಆಚೀಚೆ ಆದರೂ ಆ ಬಟ್ಟೆ ಪಕ್ಕಕ್ಕೆ. ನೂಲುವುದು, ಹೊಲಿಯುವುದು ಹೆಚ್ಚಾಗಿ ಹೆಂಗಸರೇ. ಪಾಲಿಯೆಸ್ಟರ್‌ಗೆ ಒಪ್ಪಿಗೆ ಕೊಟ್ಟ ತಿದ್ದುಪಡಿಯನ್ನು ಸಂಘ ಆಗಲೇ ವಿರೋಧಿಸಿತ್ತು. 2022ರ ಆಗಸ್ಟ್‌ನಲ್ಲಿ ಹಂಚಿದ ಅಗ್ಗದ ಧ್ವಜಗಳಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದು, ಪಟ್ಟಿಗಳು ಒಂದೊಂದು ಅಳತೆಯಲ್ಲಿದ್ದದ್ದು ಎಲ್ಲರೂ ನೋಡಿದ್ದೇ.

ರಾತ್ರಿಯೂ ಹಾರಲಿ ಅಂದದ್ದರಿಂದ ಇಳಿಸುವ ಅಭ್ಯಾಸವೇ ಹೋಯಿತು. ಎಷ್ಟೋ ಬಾಲ್ಕನಿಗಳಲ್ಲಿ ದೀಪಾವಳಿ ಕಳೆದರೂ ಅದೇ ಬಾವುಟ, ಕೇಸರಿ ಬಿಳಿಚಿ, ಅಂಚು ಎಳೆಎಳೆಯಾಗಿ.

ಮಳೆಗೆ ನೆನೆಯಿತಾ? ನೆರಳಲ್ಲಿ ಒಣಗಿಸಿ. ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಮಡಿಚಿ, ಚಕ್ರ ಕಾಣುವ ಹಾಗೆ ಎತ್ತಿಡಿ. ಬೆಲೆ ಜಾಸ್ತಿ ಅನ್ನುವುದು ನಿಜವಾದ ತೊಂದರೆ, ಒಪ್ಪುತ್ತೇನೆ. ಅದಕ್ಕೆ ಸರ್ಕಾರ ಖಾದಿ ಧ್ವಜಕ್ಕೆ ಸಬ್ಸಿಡಿ ಕೊಡಲಿ, ಅದೇ ಅಂಚೆ ಕಚೇರಿಯಲ್ಲಿ ಮಾರಲಿ.