ನಮ್ಮ ಸರದಿ ಹನ್ನೆರಡೂವರೆಗೆ

ಅಮ್ಮ ಮದ್ದೂರಿನಿಂದ ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಅಟ್ಲಾಂಟಾದ ಚಳಿಗೆ ಮನೆಯೊಳಗೇ ಕುಳಿತು ಬೇಸತ್ತಿದ್ದಳು. ಡಿಸೆಂಬರ್ ರಜೆಯಲ್ಲಿ ಅವಳನ್ನು ಬಹಾಮಾಸ್‌ಗೆ ಹೋಗುವ ನಾಲ್ಕು ರಾತ್ರಿಯ ಹಡಗು ಹತ್ತಿಸಿದೆವು. ಪ್ರವಾಸ ಚೆನ್ನಾಗಿತ್ತು, ಫೋಟೊಗಳನ್ನು ಸ್ನೇಹಿತರೆಲ್ಲ ನೋಡಿದ್ದಾರೆ. ಫೋಟೊಗಳಲ್ಲಿ ಇಲ್ಲದ ಐವತ್ತು ನಿಮಿಷಗಳು ಮಾತ್ರ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಫ್ಲೋರಿಡಾದ ಬಂದರೊಂದು. ಯಾವ ಬಂದರು, ಯಾವ ಕಂಪನಿ ಎನ್ನುವುದು ಬೇಡ. ಹಡಗು ಹತ್ತಲು ಬನ್ನಿ ಎಂದು ನಮಗೆ ಕೊಟ್ಟಿದ್ದ ಸಮಯ ಮಧ್ಯಾಹ್ನ 12:30ರಿಂದ 1:00. ನಾವು ಟರ್ಮಿನಲ್ ಮುಂದೆ ಕಾರಿನಿಂದ ಇಳಿದಾಗ 12:25. ಬಾಗಿಲಿನಿಂದ ಹೊರಟ ಸಾಲು ಗೋಡೆಯುದ್ದಕ್ಕೂ ಸಾಗಿ, ತಿರುಗಿ, ವಾಹನ ನಿಲ್ದಾಣದವರೆಗೆ ಹೋಗಿತ್ತು. ನೆರಳಿಲ್ಲ, ಕುರ್ಚಿಯಿಲ್ಲ. ಫ್ಲೋರಿಡಾದಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಬಿಸಿಲೇ. ಅಮ್ಮನಿಗೆ 74 ವರ್ಷ, ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ನಡೆಯುತ್ತಾಳೆ, ಆದರೆ ನಿಂತಲ್ಲೇ ನಿಲ್ಲಲಾರಳು. ಗಾಲಿಕುರ್ಚಿ ಬೇಕೆಂದು ಮೊದಲೇ ಕೇಳಿಕೊಳ್ಳಬಹುದಿತ್ತು. ಅವಳು ಒಪ್ಪಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅಷ್ಟು ತಪ್ಪು ನನ್ನದು.

ಸಾಲಿನಲ್ಲಿ ನಿಂತವರು ಮಾತಿಗೆ ಸಿಗುತ್ತಾರಲ್ಲವೇ? ನಮ್ಮ ಮುಂದಿದ್ದ ದಂಪತಿಯನ್ನು ಕೇಳಿದೆ. ಅವರ ಸಮಯ 2:30. ಅವರ ಮುಂದೆ ಏಳು ಮಂದಿಯ ಒಂದು ಕುಟುಂಬವಿತ್ತು, ಅವರದು 2:00. ಅವರೆಲ್ಲ ಹನ್ನೊಂದೂವರೆಗೇ ಬಂದು ನಿಂತವರು. ಬಾಗಿಲಲ್ಲಿದ್ದ ಸಿಬ್ಬಂದಿ ಯಾರ ಸಮಯವನ್ನೂ ನೋಡದೆ, ಬಂದವರನ್ನು ಬಂದ ಹಾಗೆಯೇ ಒಳಗೆ ಬಿಡುತ್ತಿದ್ದರು. ಹನ್ನೆರಡೂವರೆಗೆ ಬನ್ನಿ ಎಂದು ಹೇಳಿಸಿಕೊಂಡು ಹನ್ನೆರಡೂವರೆಗೆ ಬಂದ ನಾವು, ಎರಡೂವರೆಯವರ ಹಿಂದೆ ಐವತ್ತು ನಿಮಿಷ ನಿಂತೆವು.

ಅಮ್ಮ ಸೂಟ್‌ಕೇಸಿನ ಮೇಲೆ ಒರಗಿಕೊಂಡು, "ತಿರುಪತಿಯಲ್ಲಿ ಮುನ್ನೂರು ರೂಪಾಯಿಯ ಟಿಕೆಟಿನ ಮೇಲೂ ಹೊತ್ತು ಬರೆದಿರುತ್ತದೆ. ಅಲ್ಲಿ ಕೂರುವುದಕ್ಕೆ ಬೆಂಚಾದರೂ ಇದೆ" ಎಂದಳು. ದೂರುವ ದನಿ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಹಡಗು ಹತ್ತುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಸಮಯ ಏಕೆ ಎಂದು ಅನೇಕರಿಗೆ ಗೊತ್ತಿಲ್ಲ. ಹಡಗು ಖಾಲಿಯಾಗಿ ನಿಂತು ನಮ್ಮನ್ನು ಕಾಯುತ್ತಿರುವುದಿಲ್ಲ. ಅದು ಬೆಳಗಿನ ಜಾವ ಐದಾರು ಗಂಟೆಗೆ ಹಿಂದಿನ ಯಾನ ಮುಗಿಸಿ ಬಂದಿರುತ್ತದೆ. ಹಳೆಯ ಪ್ರಯಾಣಿಕರು ಏಳರಿಂದ ಹತ್ತೂವರೆಯ ತನಕ ಇಳಿಯುತ್ತಾರೆ. ಅವರ ಸಾವಿರಾರು ಸೂಟ್‌ಕೇಸುಗಳು ಇಳಿಯುತ್ತವೆ, ನಮ್ಮ ಸಾವಿರಾರು ಸೂಟ್‌ಕೇಸುಗಳು ಏರುತ್ತವೆ. ಪಕ್ಕದ ಬಾಗಿಲುಗಳಿಂದ ಫೋರ್ಕ್‌ಲಿಫ್ಟ್‌ಗಳು ಒಂದು ವಾರದ ತರಕಾರಿ, ಹಾಲು, ಮೊಟ್ಟೆಗಳನ್ನು ಒಳಗೆ ಸಾಗಿಸುತ್ತಿರುತ್ತವೆ. ಇಳಿಯಬೇಕಾದ ಕೊನೆಯ ಪ್ರಯಾಣಿಕನೂ ಇಳಿದನೆಂದು ಲೆಕ್ಕ ಸೊನ್ನೆಗೆ ಬರುವವರೆಗೆ ಹೊಸಬರಲ್ಲಿ ಒಬ್ಬರನ್ನೂ ಹತ್ತಿಸುವಂತಿಲ್ಲ. ಯಾರೋ ಒಬ್ಬರು ಹತ್ತೂವರೆಗೂ ತಿಂಡಿಯ ಮೇಜು ಬಿಟ್ಟು ಏಳದಿದ್ದರೆ ಹೊರಗೆ ನಿಂತ ಸಾವಿರಾರು ಜನ ಕಾಯಬೇಕು. ಸಂಜೆ ನಾಲ್ಕೈದು ಗಂಟೆಗೆ ಹಡಗು ಮತ್ತೆ ಹೊರಡಲೇಬೇಕು.

ಜನರ ಸಂಖ್ಯೆಯನ್ನು ನೋಡಿ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ಐಕಾನ್ ಆಫ್ ದಿ ಸೀಸ್ ಎಂಬ ಹಡಗು ತುಂಬಿದಾಗ 7,600 ಪ್ರಯಾಣಿಕರನ್ನು ಹೊರುತ್ತದೆ. ಸಿಬ್ಬಂದಿ 2,350. ಮದ್ದೂರಿನ ಸುತ್ತಮುತ್ತಲಿನ ನಾಲ್ಕೈದು ಹಳ್ಳಿಗಳು ಒಂದೇ ಬೆಳಿಗ್ಗೆ ಖಾಲಿಯಾಗಿ, ಅದೇ ಮಧ್ಯಾಹ್ನ ಬೇರೆ ಜನರಿಂದ ತುಂಬಿಕೊಂಡ ಹಾಗೆ. ವಾರಾಂತ್ಯದಲ್ಲಿ ಮಯಾಮಿಯಂಥ ಬಂದರಿನಲ್ಲಿ ಇಂಥ ಹಲವು ಹಡಗುಗಳು ಒಟ್ಟಿಗೆ ನಿಂತಿರುತ್ತವೆ. ಬಂದರು ಇರುವುದು ದ್ವೀಪದ ಮೇಲೆ. ಅಲ್ಲಿಗೆ ಹೋಗಲು ಒಂದು ಸೇತುವೆ, ಜೊತೆಗೆ 2014ರಲ್ಲಿ ತೆರೆದ ಒಂದು ಸುರಂಗ. ಹಡಗು ಎಷ್ಟೇ ದೊಡ್ಡದಿರಲಿ, ಒಳಗೆ ಹೋಗುವ ಪ್ರತಿಯೊಬ್ಬರೂ ಸ್ಕ್ಯಾನರ್‌ಗಳ ಕಿರಿದಾದ ಕೊರಳಿನ ಮೂಲಕವೇ ಹಾಯಬೇಕು. ಗಂಟೆಗೆ ಇಷ್ಟು ಜನ ಮಾತ್ರ ಹಾಯಬಲ್ಲರು ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಅರ್ಧರ್ಧ ಗಂಟೆಯ ತುಂಡುಗಳನ್ನಾಗಿ ಹಂಚಿ ನಮ್ಮ ಮೊಬೈಲಿಗೆ ಕಳುಹಿಸುತ್ತಾರೆ.

ಮೊದಲೂ ಕೆಲವು ಕಂಪನಿಗಳು ಸಮಯ ಬರೆದು ಕೊಡುತ್ತಿದ್ದವು, ಆದರೆ ಅದನ್ನು ಕೇಳುವವರಿರಲಿಲ್ಲ. ಕೊರೊನಾದಿಂದ ನಿಂತ ಯಾನಗಳು 2021ರ ಜೂನ್ 26ರಂದು ಫೋರ್ಟ್ ಲಾಡರ್‌ಡೇಲ್‌ನಿಂದ ಸೆಲೆಬ್ರಿಟಿ ಎಡ್ಜ್ ಎಂಬ ಹಡಗು ಹೊರಡುವುದರೊಂದಿಗೆ ಅಮೆರಿಕದಲ್ಲಿ ಮತ್ತೆ ಆರಂಭವಾದಾಗ, ಗುಂಪು ಸೇರಬಾರದೆಂದು ಈ ಸರದಿ ಬಿಗಿಯಾಯಿತು. ಸೋಂಕಿನ ಭಯ ಹೋದ ಮೇಲೂ ಅದು ಉಳಿದದ್ದು ಒಳ್ಳೆಯದೇ ಆಯಿತು. ಎಲ್ಲರೂ ಪಾಲಿಸಿದ ದಿನ ಕಾರಿನಿಂದ ಇಳಿದ ಇಪ್ಪತ್ತು ನಿಮಿಷದಲ್ಲಿ ಹಡಗಿನೊಳಗೆ ಇರಬಹುದು. ನಾನೇ ಹಾಗೆ ಹತ್ತಿದ್ದೇನೆ.

"ಬೇಗ ಬಂದರೆ ತಪ್ಪೇನು? ತಡವಾಗಿ ಬಂದರೆ ತಾನೇ ತೊಂದರೆ?" ಎಂದು ಸ್ನೇಹಿತರೊಬ್ಬರು ಕೇಳಿದರು. ನಮ್ಮಲ್ಲಿ ಬೇಗ ಹೋಗುವುದು ಒಳ್ಳೆಯ ಗುಣ. ರೈಲಿಗೆ ಎರಡು ಗಂಟೆ ಮೊದಲು ಹೋಗಿ ಹೋಲ್ಡಾಲಿನ ಮೇಲೆ ಕುಳಿತ ತಂದೆಯರ ಮಕ್ಕಳು ನಾವು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು. ಆ ಆತುರಕ್ಕೆ ಅಲ್ಲಿ ಕಾರಣವಿತ್ತು, ಸೀಟು ಎಲ್ಲರಿಗೂ ಇರಲಿಲ್ಲ. ಹಡಗಿನಲ್ಲಿ ನಿಮ್ಮ ಕೋಣೆ, ನಿಮ್ಮ ಹಾಸಿಗೆ, ನಿಮ್ಮ ಊಟ ಎಲ್ಲವೂ ಮೊದಲೇ ನಿಮ್ಮ ಹೆಸರಿನಲ್ಲಿವೆ. ಅವುಗಳನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಬೇಗ ಹತ್ತಿದರೂ ಕೋಣೆ ಸಿದ್ಧವಾಗುವುದು ಒಂದು, ಒಂದೂವರೆ ಗಂಟೆಗೆ. ಅಲ್ಲಿಯ ತನಕ ಕೈಚೀಲ ಹೊತ್ತು ಜನ ತುಂಬಿದ ಊಟದ ಸಾಲೆಯಲ್ಲಿ ಅಲೆಯಬೇಕು.

ನನಗೆ ಈ ವಿಷಯ ಅರ್ಥವಾಗುವುದು ಕಾಲುವೆಯ ನೀರಿನ ಲೆಕ್ಕದಲ್ಲಿ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗ. ಕನ್ನಂಬಾಡಿಯಲ್ಲಿ ನೀರು ಕಡಿಮೆಯಾದ ವರ್ಷ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಇಂತಿಷ್ಟು ದಿನ ನಾಲೆಯಲ್ಲಿ ನೀರು, ಇಂತಿಷ್ಟು ದಿನ ಇಲ್ಲ. ಮೇಲಿನ ಭಾಗದವನು ತನ್ನ ಸರದಿ ಬರುವ ಮೊದಲೇ ರಾತ್ರಿ ತೂಬು ಎತ್ತಿದರೆ ಅವನಿಗೆ ತಾನು ಕಳ್ಳನೆಂದು ಅನಿಸುವುದಿಲ್ಲ, ಹೇಗೂ ತನಗೆ ಬರಬೇಕಾದ ನೀರು ತಾನೇ ಎಂದುಕೊಳ್ಳುತ್ತಾನೆ. ಆದರೆ ಅಂದು ಮದ್ದೂರಿನ, ಮಳವಳ್ಳಿಯ ಗದ್ದೆಗೆ ನೀರು ಏರುವುದಿಲ್ಲ. ಅಪ್ಪ ಒಣಗಿದ ಬದುವಿನ ಮೇಲೆ ಟಾರ್ಚ್ ಹಿಡಿದು ನಿಂತದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಂದು ಆ ಸಾಲಿನಲ್ಲಿ ಅಮ್ಮ ನಿಂತಿದ್ದ ರೀತಿ ಅದನ್ನೇ ನೆನಪಿಸಿತು. ಎರಡೂವರೆಯ ಸರದಿಯವರು ಹನ್ನೊಂದೂವರೆಗೆ ಬಂದಾಗ ಅವರು ಕಳೆಯುವುದು ತಮ್ಮ ಸಮಯವನ್ನಲ್ಲ, ಹನ್ನೆರಡೂವರೆಯವರದು.

2018ರಲ್ಲಿ ಮೊದಲ ಸಲ ಹೋದಾಗ ನಾನೂ ಎರಡು ಗಂಟೆ ಮೊದಲೇ ಹೋಗಿದ್ದೆ. ಯಾರೂ ತಡೆಯಲಿಲ್ಲ. ನಮ್ಮ ಹಿಂದೆ ಯಾರು ನಿಂತಿದ್ದರು ಎಂದು ತಿರುಗಿ ಕೂಡ ನೋಡಲಿಲ್ಲ. ಅದನ್ನು ಇಲ್ಲಿ ಹೇಳದೆ ಬೇರೆಯವರನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ.

ಇನ್ನು ತಡವಾಗಿ ಬರುವವರ ವಿಷಯ. ಇಲ್ಲಿ ನಷ್ಟವೆಲ್ಲ ಅವರದೇ, ಅದೂ ಬಹಳ ದೊಡ್ಡದು. ಟಿಕೆಟಿನಲ್ಲಿ ಹಡಗು ಐದಕ್ಕೆ ಹೊರಡುತ್ತದೆ ಎಂದಿದ್ದರೆ ನಾಲ್ಕೂವರೆಗೆ ಹೋದರಾಯಿತು ಎಂದುಕೊಳ್ಳುತ್ತೇವೆ. ಹಡಗು ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲು ಪ್ರಯಾಣಿಕರ ಪಟ್ಟಿಯನ್ನು ಅಮೆರಿಕದ ಗಡಿ ಮತ್ತು ಸುಂಕ ಇಲಾಖೆಗೆ ಕಳುಹಿಸಬೇಕೆಂದು ನಿಯಮವಿದೆ. ಪಟ್ಟಿ ಹೋದ ಮೇಲೆ ಬಾಗಿಲು ಮುಚ್ಚಿದಂತೆಯೇ. ಕಣ್ಣೆದುರು ಹಡಗು ನಿಂತಿದ್ದರೂ ಹತ್ತಲಾಗುವುದಿಲ್ಲ. ಕೆಲವು ಕಂಪನಿಗಳು ಒಂದೂವರೆ ಗಂಟೆ ಮೊದಲೇ ಮುಚ್ಚುತ್ತವೆ.

ನಮಗೆ ಪರಿಚಯದ ಕುಟುಂಬವೊಂದು ನ್ಯೂಜೆರ್ಸಿಯಿಂದ ಹಡಗು ಹೊರಡುವ ದಿನವೇ ಬೆಳಗಿನ ವಿಮಾನ ಹಿಡಿದು ಮಯಾಮಿಗೆ ಹೊರಟಿತು. ಹಿಮ ಬಿದ್ದು ವಿಮಾನ ಮೂರು ಗಂಟೆ ತಡವಾಯಿತು, ಹಡಗು ತಪ್ಪಿತು. ಹಡಗಿನ ಮೊದಲ ನಿಲುಗಡೆ ಮರುದಿನ ಫ್ಲೋರಿಡಾದ್ದೇ ಇನ್ನೊಂದು ಬಂದರು ಕೀ ವೆಸ್ಟ್. ಮಯಾಮಿಯಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿಗೇ ಹೋಗಿ ಹತ್ತಿಕೊಳ್ಳುತ್ತೇವೆ ಎಂದು ಅವರು ಕೇಳಿದರು. ಆಗುವುದಿಲ್ಲ ಎಂಬ ಉತ್ತರ ಬಂತು. ಕಾರಣ 1886ರ ಒಂದು ಕಾನೂನು. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಇಂಥ ಸಣ್ಣ ಯಾನದಲ್ಲಿ ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ಈ ದೊಡ್ಡ ಹಡಗುಗಳಲ್ಲಿ ಬಹುತೇಕ ಎಲ್ಲವೂ ಬಹಾಮಾಸ್, ಪನಾಮದಂಥ ದೇಶಗಳ ಧ್ವಜ ಹಾರಿಸುವಂಥವು. ಮಯಾಮಿಯಲ್ಲಿ ಹತ್ತಿ ಮಯಾಮಿಯಲ್ಲಿ ಇಳಿಯುವವರಿಗೆ ತೊಂದರೆಯಿಲ್ಲ, ಕೀ ವೆಸ್ಟ್‌ನಲ್ಲಿ ಹತ್ತಿ ಮಯಾಮಿಯಲ್ಲಿ ಇಳಿಯುವವರಿಗೆ ಉಂಟು. ಅವರಿಗೆ ವಿಮೆಯೂ ಇರಲಿಲ್ಲ. ಮಕ್ಕಳಿಬ್ಬರನ್ನು ಕರೆದುಕೊಂಡು ಮರುದಿನ ಮನೆಗೆ ಹಿಂದಿರುಗಿದರು. ಆದ್ದರಿಂದ ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ: ಬಂದರಿನ ಊರಿಗೆ ಒಂದು ದಿನ ಮೊದಲು ಹೋಗಿ, ಬಾಗಿಲಿಗೆ ಹೇಳಿದ ಹೊತ್ತಿಗೆ ಹೋಗಿ. ಬೇಗ ಹೋಗುವ ನಮ್ಮ ಗುಣವನ್ನೆಲ್ಲ ಹಿಂದಿನ ದಿನ ಬಳಸೋಣ.

ಹಡಗು ಹತ್ತಿದ ಮೇಲೂ ಒಂದು ಕೆಲಸವಿದೆ, ತುರ್ತಿನಲ್ಲಿ ಸೇರಬೇಕಾದ ಜಾಗದ ತಾಲೀಮು. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ತಾಗಿ ವಾಲಿದಾಗ ಅದರಲ್ಲಿ 4,229 ಜನರಿದ್ದರು, 32 ಮಂದಿ ಸತ್ತರು. ಅಂದು ಸಂಜೆಯಷ್ಟೇ ಚಿವಿತವೆಕ್ಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಜನರಿಗೆ ತಾಲೀಮೇ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗ ನಿಯಮವಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಬೇಕು. ಕೊನೆಯ ಗಳಿಗೆಯಲ್ಲಿ ಓಡಿಬಂದವರು ಇದನ್ನು ಉಪದ್ರವ ಎಂದುಕೊಂಡು ಗೊಣಗುತ್ತಾರೆ. ಅಮ್ಮ ಮಾತ್ರ ತನ್ನ ಜಾಗದ ಸಂಖ್ಯೆಯನ್ನು ಎರಡು ಸಲ ಕೇಳಿ, ಕನ್ನಡದಲ್ಲಿ ಬರೆಸಿಕೊಂಡು ಪರ್ಸಿನಲ್ಲಿಟ್ಟುಕೊಂಡಳು.

ಕಂಪನಿಗಳ ಮೇಲೆ ನನಗೆ ಕೋಪ ಇರುವುದು ಎರಡು ವಿಷಯಕ್ಕೆ. ಸಮಯ ಬರೆದು ಕೊಟ್ಟ ಮೇಲೆ ಬಾಗಿಲಲ್ಲಿ ಅದನ್ನು ನೋಡಬೇಕು. ನೋಡದಿದ್ದರೆ ಮಾತು ಕೇಳಿದವರಿಗೇ ಶಿಕ್ಷೆ, ಮುಂದಿನ ಸಲ ಅವರೂ ಕೇಳುವುದಿಲ್ಲ. ಎರಡನೆಯದು ಹಂಚಿಕೆ. ಒಂದು ಕಂಪನಿ 45 ದಿನ ಮೊದಲು, ಇನ್ನೊಂದು ಎರಡು ವಾರ ಮೊದಲು ನೋಂದಣಿ ತೆರೆಯುತ್ತದೆ. ತೆರೆದ ಕೆಲವೇ ನಿಮಿಷಗಳಲ್ಲಿ ಬೆಳಗಿನ ಸಮಯಗಳೆಲ್ಲ ಖಾಲಿ. ನಡುರಾತ್ರಿ ಎಚ್ಚರವಿದ್ದು ಮೊಬೈಲ್ ಒತ್ತಿದವರಿಗೆ, ಹೆಚ್ಚು ಹಣ ಕೊಟ್ಟವರಿಗೆ ಅವು ಸಿಗುತ್ತವೆ. ಸಾಲು ಇನ್ನೂ ಚಿಕ್ಕದಿರುವ ಆ ಮೊದಲ ಒಂದು ಗಂಟೆಯನ್ನು ವಯಸ್ಸಾದವರಿಗೆ, ಹಸುಗೂಸುಗಳ ತಾಯಂದಿರಿಗೆ, ನಿಲ್ಲಲಾಗದವರಿಗೆ ಇಟ್ಟರೆ ಉಳಿದ ನಾವು ಎರಡೂವರೆಗೆ ಬರಲು ಏನು ಕಷ್ಟ? ಪ್ರವಾಸ ಮುಗಿದ ಮೇಲೆ ಅವರು ಕಳುಹಿಸಿದ ಅಭಿಪ್ರಾಯ ಪತ್ರದಲ್ಲಿ ಇದನ್ನೇ ಬರೆದಿದ್ದೇನೆ.

ಬರುವ ಮಾರ್ಚಿನಲ್ಲಿ ಅಟ್ಲಾಂಟಾದ ನಮ್ಮ ಆರು ಕನ್ನಡ ಕುಟುಂಬಗಳು ಸೇರಿ ಮತ್ತೆ ಹೋಗುತ್ತಿದ್ದೇವೆ. ಅಮ್ಮ ಭಾರತಕ್ಕೆ ಹಿಂದಿರುಗುವ ಮೊದಲಿನ ಕೊನೆಯ ಪ್ರವಾಸ. ಈ ಸಲ ಗಾಲಿಕುರ್ಚಿಗೆ ಒಪ್ಪಿದ್ದಾಳೆ. ಹಿಂದಿನ ಸಲ ರಕ್ತದೊತ್ತಡದ ಮಾತ್ರೆಗಳು ಪೋರ್ಟರ್ ಕೈಗೆ ಕೊಟ್ಟ ಸೂಟ್‌ಕೇಸಿನಲ್ಲಿ ಉಳಿದು, ಅದು ಕೋಣೆಗೆ ಬರುವಷ್ಟರಲ್ಲಿ ಸಂಜೆ ಆರಾಗಿತ್ತು. ಈ ಸಲ ಮಾತ್ರೆ, ಪಾಸ್‌ಪೋರ್ಟ್ ಎರಡೂ ಅವಳ ಕೈಚೀಲದಲ್ಲಿ ಇರುತ್ತವೆ. ನಮಗೆ ಸಿಕ್ಕಿರುವ ಸಮಯ 1:30. ಹೋಟೆಲಿನವರಿಗೆ ಬರೆದು, ಹನ್ನೊಂದಕ್ಕೆ ಬಿಡಬೇಕಾದ ಕೋಣೆಯನ್ನು ಒಂದು ಗಂಟೆಯವರೆಗೆ ಕೊಡಿ ಎಂದು ಕೇಳಿದೆ, ಒಪ್ಪಿದ್ದಾರೆ. ಮನೆಯಲ್ಲಿ ಮಾಡಿದ ತಿನಿಸನ್ನು ಹಡಗಿನೊಳಗೆ ಬಿಡುವುದಿಲ್ಲವಾದ್ದರಿಂದ ಆರೂ ಮನೆಯವರು ಆ ಕೋಣೆಯಲ್ಲೇ ಕುಳಿತು ಅಮ್ಮನ ಚಿತ್ರಾನ್ನ ಮುಗಿಸಿ ಹೊರಡುವುದೆಂದು ತೀರ್ಮಾನವಾಗಿದೆ.