ಬ್ರಿಟನ್ನಿನ ಕಾರ್ಮಿಕರು ವೋಟು ಹಾಕದಿದ್ದರೆ ತಪ್ಪು ಲೇಬರ್ ಪಕ್ಷದ್ದೇ?

1950ರ ಚುನಾವಣೆಯಲ್ಲಿ ಬ್ರಿಟನ್ನಿನ ನೂರು ಮತದಾರರಲ್ಲಿ 84 ಮಂದಿ ವೋಟು ಹಾಕಿದ್ದರು. 2001ರಲ್ಲಿ ಹಾಕಿದವರು 59. 2024ರಲ್ಲೂ ಸುಮಾರು 60. ಮನೆಯಲ್ಲೇ ಕೂತವರಲ್ಲಿ ದುಡಿಯುವ ವರ್ಗದವರೇ ಜಾಸ್ತಿ. ಎರಡೂ ಕಡೆಯ ವಾದ ಬರೆದಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಪರ: ಪಕ್ಷವೇ ಕೈಬಿಟ್ಟಿತು

1900ರಲ್ಲಿ ಲೇಬರ್ ಪಕ್ಷವನ್ನು ಕಟ್ಟಿದ್ದರಲ್ಲಿ ಕಾರ್ಮಿಕ ಸಂಘಗಳದೇ ದೊಡ್ಡ ಪಾಲು. ನಮ್ಮವರನ್ನು ನಾವೇ ಪಾರ್ಲಿಮೆಂಟಿಗೆ ಕಳಿಸೋಣ ಅನ್ನುವುದು ಅವರ ಆಸೆ. 1945ರ ಸರ್ಕಾರದಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ತಂದ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗೆ ಇಳಿದವರು. ವಿದೇಶಾಂಗ ಮಂತ್ರಿ ಅರ್ನೆಸ್ಟ್ ಬೆವಿನ್ ಹನ್ನೊಂದಕ್ಕೇ ಶಾಲೆ ಬಿಟ್ಟು, ಮುಂದೆ ಗಾಡಿ ಹೊಡೆದು ಬದುಕಿದವರು.

ಆಮೇಲೆ ಪಕ್ಷದ ನಾಯಕರಾಗಿ ಬಂದರು ಟೋನಿ ಬ್ಲೇರ್. ಉತ್ಪಾದನೆಯ ಸಾಧನಗಳು ಎಲ್ಲರ ಒಡೆತನದಲ್ಲಿರಬೇಕು ಎಂದು 1918ರಿಂದ ಪಕ್ಷದ ನಿಯಮದಲ್ಲಿದ್ದ ಮಾತನ್ನು 1995ರಲ್ಲಿ ತೆಗೆಸಿದರು. ಮಧ್ಯಮ ವರ್ಗದ ವೋಟು ಬೇಕಿತ್ತು. ಹಳಬರು ಎಲ್ಲಿಗೆ ಹೋಗ್ತಾರೆ, ಇಲ್ಲೇ ಬಿದ್ದಿರ್ತಾರೆ ಅನ್ನುವ ಧೈರ್ಯ.

ಹಳಬರು ಎಲ್ಲಿಗೂ ಹೋಗಲಿಲ್ಲ, ನಿಜ. ಮತಗಟ್ಟೆಗೂ ಹೋಗಲಿಲ್ಲ. 1997ರಲ್ಲಿ ಲೇಬರ್‌ಗೆ ಸುಮಾರು 1.35 ಕೋಟಿ ವೋಟು ಬಿದ್ದಿತ್ತು. 2001ರಲ್ಲಿ ಅದು 1.07 ಕೋಟಿ. ಕಳೆದುಹೋದ ವೋಟು ಎದುರಾಳಿ ಕನ್ಸರ್ವೇಟಿವ್ ಪಕ್ಷದ ಗಂಟಿಗೆ ಸೇರಿತೇ ಅಂದರೆ, ಅವರ ವೋಟೂ ಹನ್ನೆರಡು ಲಕ್ಷದಷ್ಟು ಇಳಿದಿತ್ತು! ಹಡಗುಕಟ್ಟೆಗಳ ಲಿವರ್‌ಪೂಲ್ ರಿವರ್‌ಸೈಡ್ ಕ್ಷೇತ್ರದಲ್ಲಿ ವೋಟು ಹಾಕಿದ್ದು ನೂರಕ್ಕೆ 34 ಮಂದಿ.

ಇದನ್ನು ಸೋಮಾರಿತನ ಅನ್ನಬೇಡಿ. 2014ರಲ್ಲಿ ಸ್ಕಾಟ್ಲೆಂಡ್ ಬೇರೆಯಾಗಬೇಕೇ ಎಂದು ಜನಮತ ಕೇಳಿದಾಗ ಅಲ್ಲಿ ಶೇಕಡ 84.6ರಷ್ಟು ಜನ ಬಂದರು. 2016ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೇ (ಬ್ರೆಕ್ಸಿಟ್) ಎಂದು ಕೇಳಿದಾಗ ಶೇಕಡ 72. 2019ರಲ್ಲಂತೂ ಬ್ಲೇರ್ ಅವರ ಹಳೆಯ ಕ್ಷೇತ್ರ ಸೆಜ್‌ಫೀಲ್ಡ್ ಕೂಡ ಕೈತಪ್ಪಿತು.

2024ರ ಪ್ರಚಾರದಲ್ಲಿ ಲೇಬರ್ ನಾಯಕ ಕೀರ್ ಸ್ಟಾರ್ಮರ್ ಹೋದಲ್ಲೆಲ್ಲ ತಮ್ಮ ತಂದೆ ಕಾರ್ಖಾನೆಯಲ್ಲಿ ಟೂಲ್‌ಮೇಕರ್ (ಉಪಕರಣ ಮಾಡುವ ಕೆಲಸಗಾರ) ಆಗಿದ್ದರು ಅನ್ನುತ್ತಿದ್ದರು. ಗ್ರಿಮ್ಸ್‌ಬಿಯ ಟಿವಿ ಕಾರ್ಯಕ್ರಮದಲ್ಲಿ ಅದೇ ಮಾತು ಬಂದಾಗ ಸಭಿಕರು ನಕ್ಕರು.

ವಿರೋಧ: ಹಳೆಯ ಮನೆಯೇ ಉಳಿದಿರಲಿಲ್ಲ

ಲೇಬರ್‌ಗೆ ವೋಟು ಹಾಕುವುದು ಆ ಕಾಲದಲ್ಲಿ ಬರೀ ಅಭಿಪ್ರಾಯವಾಗಿರಲಿಲ್ಲ. ಊರಿಗೊಂದು ಗಣಿ, ಗಣಿಗೊಂದು ಸಂಘ, ಸಂಜೆಗೆ ಕಾರ್ಮಿಕರ ಕ್ಲಬ್ಬು. ಅಪ್ಪ ಲೇಬರ್, ಮಗನೂ ಲೇಬರ್. ಚುನಾವಣೆಯ ದಿನ ಸಂಘದವರು ಬಾಗಿಲು ತಟ್ಟಿ ಕರೆಯುತ್ತಿದ್ದರು. 1979ರಲ್ಲಿ ಸಂಘಗಳ ಸದಸ್ಯರು 1.3 ಕೋಟಿ. ಈಗ ಅದರ ಅರ್ಧದಷ್ಟು. 1984–85ರ ಗಣಿ ಕಾರ್ಮಿಕರ ಮುಷ್ಕರ ಸೋತ ಮೇಲೆ ಗಣಿಗಳು ಸಾಲಾಗಿ ಮುಚ್ಚಿದವು. (ಲೇಬರಿನದೇ ಪ್ರಧಾನಿ ವಿಲ್ಸನ್ ಕಾಲದಲ್ಲೂ ಬಹಳಷ್ಟು ಮುಚ್ಚಿದ್ದವು, ಒಪ್ಪುತ್ತೇನೆ.) ಈಗಿನ ಕೆಲಸ ಗೋದಾಮಿನಲ್ಲಿ, ಕಾಲ್ ಸೆಂಟರಿನಲ್ಲಿ, ವೃದ್ಧಾಶ್ರಮದಲ್ಲಿ. ಒಬ್ಬೊಬ್ಬರದು ಒಂದೊಂದು ಪಾಳಿ. ಬಾಗಿಲು ತಟ್ಟುವವರು ಯಾರು?

ಎಡಕ್ಕೆ ತಿರುಗಿದ್ದರೆ ಜನ ಬರುತ್ತಿದ್ದರು ಅನ್ನುವುದು ಸುಮ್ನೆ ಮಾತು. 1983ರಲ್ಲಿ ಎಡಕ್ಕೇ ತಿರುಗಿದ್ದರು, ಸಿಕ್ಕಿದ್ದು ಶೇಕಡ 27.6. 2017ರಲ್ಲಿ ಎಡಪಂಥದ ಲೇಬರ್ ನಾಯಕ ಜೆರೆಮಿ ಕಾರ್ಬಿನ್ ಶೇಕಡ 40 ಗಳಿಸಿದ್ದು ನಿಜವೇ. ಆದರೆ ಎರಡೇ ವರ್ಷದಲ್ಲಿ ಅದೇ ಕಾರ್ಬಿನ್ ನೆಲಕಚ್ಚಿದರು. ಆಗ ಗಣಿ ಸೀಮೆಯ ಬೋಲ್ಸೋವರ್ ಕ್ಷೇತ್ರದಲ್ಲಿ ಸೋತವರು ಬ್ಲೇರ್ ಥರ ಆಕ್ಸ್‌ಫರ್ಡಿನಲ್ಲಿ ಓದಿದ ವಕೀಲರಲ್ಲ. 1970ರಿಂದ ಸಂಸದರಾಗಿದ್ದ ಡೆನಿಸ್ ಸ್ಕಿನ್ನರ್, ಗಣಿಯಲ್ಲಿ ದುಡಿದವರೇ. ಇನ್ನು ಬ್ಲೇರ್ ಸರ್ಕಾರ ದುಡಿಯುವವರಿಗೆ ಏನೂ ಮಾಡಲಿಲ್ಲವೇ? ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿ ಮೊದಲ ಸಲ ಬಂದದ್ದು 1999ರಲ್ಲಿ.

ಪರ ವಾದದವರ ಸ್ಕಾಟ್ಲೆಂಡ್ ಉದಾಹರಣೆ ಅವರಿಗೇ ತಿರುಗಿ ಹೊಡೆಯುತ್ತದೆ. ಜನಮತದಲ್ಲಿ ಎಲ್ಲರ ವೋಟೂ ಒಂದೇ ತಕ್ಕಡಿಗೆ ಬೀಳುತ್ತದೆ. ಸಾಮಾನ್ಯ ಚುನಾವಣೆಯಲ್ಲಿ ಹಾಗಿಲ್ಲ. ನಮ್ಮಲ್ಲಿನ ಹಾಗೇ ಅಲ್ಲೂ ಕ್ಷೇತ್ರದಲ್ಲಿ ಒಂದು ವೋಟು ಜಾಸ್ತಿ ಬಂದವನು ಗೆದ್ದ. 2024ರಲ್ಲಿ ಶೇಕಡ 34ಕ್ಕೂ ಕಡಿಮೆ ವೋಟಿಗೆ ಲೇಬರ್ 650ರಲ್ಲಿ 411 ಸೀಟು ಬಾಚಿತು. ಒಟ್ಟು ವೋಟಿನ ಲೆಕ್ಕ ಹಿಡಿದರೆ, 2019ರಲ್ಲಿ ಸೋತಾಗ ಸಿಕ್ಕಿದ್ದಕ್ಕಿಂತಲೂ ಇದು ಕಡಿಮೆ!

ಬಾಡಿಗೆ ಮನೆಯವರ ಪಾಡು ಬೇರೆಯೇ. ಮನೆ ಬದಲಿಸಿದಾಗಲೆಲ್ಲ ಪಟ್ಟಿಗೆ ಮತ್ತೆ ಹೆಸರು ಸೇರಿಸಬೇಕು. (ಅಲ್ಲಿ ನೆಲೆಸಿರುವ ಭಾರತದ ಪ್ರಜೆಗಳಿಗೂ ಕಾಮನ್‌ವೆಲ್ತ್ ಲೆಕ್ಕದಲ್ಲಿ ವೋಟಿದೆ. ಲಂಡನ್, ರೆಡಿಂಗ್ ಕಡೆಯ ಕನ್ನಡಿಗರೇ, ಹೆಸರು ಸೇರಿಸಿದ್ದೀರಾ?) ಅದೆಲ್ಲ ಮಾಡಿಯೂ ಫಲಿತಾಂಶ ಮೊದಲೇ ಗೊತ್ತಿದ್ದರೆ ಪಾಳಿ ಮುಗಿಸಿ ಬಂದವರು ಮತ್ತೆ ಮಳೆಯಲ್ಲಿ ಹೊರಡುತ್ತಾರೆಯೇ? 2024ರಲ್ಲಿ ದೇಶದಲ್ಲೇ ಅತಿ ಕಡಿಮೆ ಮತದಾನವಾದದ್ದು ಮ್ಯಾಂಚೆಸ್ಟರ್ ರಶೋಮ್‌ನಲ್ಲಿ, ಶೇಕಡ 40. ಅಲ್ಲಿ ಲೇಬರ್ ಗೆಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಗೆದ್ದಿತು.